ಕೆಂಪು ಪಾತ್ರೆಯ ಆರೈಕೆ

ಪಾತ್ರೆ ಅಂಗಡಿಯ ಮುಂದೆ ನಿಂತರೆ ನನ್ನ ವಿವೇಕ ಕೈಕೊಡುತ್ತದೆ. ಸೀರೆ ಅಂಗಡಿಯಲ್ಲಿ ನಾನು ಗಟ್ಟಿ ಹೆಂಗಸು. ಕಪಾಟಿನಲ್ಲಿರುವುದನ್ನೆಲ್ಲ ಬಿಚ್ಚಿಸಿ, ಅವರು ತರಿಸಿಕೊಟ್ಟ ಟೀಯನ್ನೂ ಕುಡಿದು, ಒಂದನ್ನೂ ಕೊಳ್ಳದೆ ಎದ್ದು ಬರಬಲ್ಲೆ. ಒಡವೆ ಅಂಗಡಿಯನ್ನು ತಲೆ ತಗ್ಗಿಸಿಕೊಂಡು ದಾಟಬಲ್ಲೆ. ಆದರೆ ಹೊಸದೊಂದು ಬೋಗುಣಿಯೋ ಬಾಣಲೆಯೋ ಕಣ್ಣಿಗೆ ಬಿತ್ತೆಂದರೆ, ಇದೊಂದಿದ್ದರೆ ನನ್ನ ಅಡುಗೆ ಸರಿಹೋಗುತ್ತದೆ ಎಂಬ ನಂಬಿಕೆ ಹೊಟ್ಟೆಯೊಳಗಿನಿಂದ ಎದ್ದು ಬರುತ್ತದೆ. ಮದುವೆಯಾದಾಗಿನಿಂದ ಹೀಗೆ ಎದ್ದು ಬರುತ್ತಲೇ ಇದೆ. ಅಟ್ಟ ತುಂಬಿದೆ, ಅಡುಗೆ ಮಾತ್ರ ಹಾಗೇ ಇದೆ. ಈಗಂತೂ ಅಂಗಡಿಯ ತನಕ ನಡೆದು ಹೋಗುವ ಕಷ್ಟವೂ ಇಲ್ಲ. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆಗಳ ಕಟ್ಟಿಗೆ ಮೊಬೈಲ್ ಒರಗಿಸಿಕೊಂಡು ಕೂತರೆ ಸಾಕು, ಅಂಗಡಿಯೇ ಬಂದು ನನ್ನ ಮುಂದೆ ನಿಲ್ಲುತ್ತದೆ.

ಆ ಕೆಂಪು ಪಾತ್ರೆ ನನಗೆ ಸಿಕ್ಕಿದ್ದು ಹಾಗೆಯೇ. ಬೀಡು ಕಬ್ಬಿಣದ ದಪ್ಪ ಪಾತ್ರೆ, ಅದಕ್ಕೊಂದು ದಪ್ಪ ಮುಚ್ಚಳ. ಹೊರಗೆಲ್ಲ ಕೆಂಪು ಎನಾಮೆಲ್, ಒಳಗೆ ಕೆನೆಬಿಳಿ. ಪಕ್ಕದ ಕುರ್ಚಿಯಲ್ಲಿದ್ದ ಇಂಗ್ಲಿಷಿನ ಮಂಜುಳಾ ಮೇಡಂ ಬಗ್ಗಿ ನೋಡಿ, ಹೊರದೇಶದವರು ಮಾಡುವ ಇಂಥ ಪಾತ್ರೆಗೆ ಒಂದು ಉಂಗುರದ ಬೆಲೆ ಇರುತ್ತದೆಂದೂ, ಇದು ನಮ್ಮಂಥವರಿಗಾಗಿ ಮಾಡಿದ್ದೆಂದೂ, ಅದರ ಮೇಲೆ ಈಗ ರಿಯಾಯಿತಿ ಬೇರೆ ಇದೆಯೆಂದೂ ಹೇಳಿದರು. ರಿಯಾಯಿತಿ ಎಂಬ ಮಾತು ಅವರ ಬಾಯಿಂದ ಬರುವ ಹೊತ್ತಿಗೆ ನಾನು ಕೊಂಡಾಗಿತ್ತು. ನಿಜ ಹೇಳಬೇಕೆಂದರೆ ನಾನು ಮರುಳಾದದ್ದು ಕೆಂಪು ಬಣ್ಣಕ್ಕಲ್ಲ, ಒಳಗಿನ ಆ ಕೆನೆಬಿಳಿಗೆ. ಶಿಡ್ಲಘಟ್ಟದ ನಮ್ಮ ಖಾಲಾನ ಮನೆಯ ತಟ್ಟೆಗಳಿಗೆ ಅದೇ ಬಣ್ಣ ಇತ್ತು.

ಖಾಲಾ ಎಂದರೆ ನನ್ನ ತಾಯಿಯ ಅಕ್ಕ. ನಮ್ಮ ತಂದೆಯದು ಊರೂರಿಗೆ ವರ್ಗವಾಗುವ ಕೆಲಸವಾದ್ದರಿಂದ ನನ್ನನ್ನು ಓದಲು ಅವರ ಮನೆಯಲ್ಲಿ ಬಿಟ್ಟಿದ್ದರು. ಮನೆಯ ಹಿಂದೆಯೇ ರೇಷ್ಮೆ ನೂಲು ತೆಗೆಯುವ ಶೆಡ್ಡು. ಬೆಂದ ಗೂಡಿನ ವಾಸನೆ ನಮ್ಮ ಬಟ್ಟೆಗೆ, ಪುಸ್ತಕಕ್ಕೆ, ತಲೆಕೂದಲಿಗೆಲ್ಲ ಅಂಟಿಕೊಂಡಿರುತ್ತಿತ್ತು. ಶಾಲೆಯಲ್ಲಿ ಅರ್ಧ ತರಗತಿಯ ಮಕ್ಕಳು ಅದೇ ವಾಸನೆಯವರಾದ್ದರಿಂದ ಯಾರೂ ಮೂಗು ಮುಚ್ಚಿಕೊಳ್ಳುತ್ತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಮಾತ್ರ ಆ ವಾಸನೆಯನ್ನು ಸೋಲಿಸುವ ಇನ್ನೊಂದು ವಾಸನೆ ಅಡುಗೆಮನೆಯಿಂದ ಬರುತ್ತಿತ್ತು. ಕಲಾಯಿ ಹಾಕಿದ ದೊಡ್ಡ ತಾಮ್ರದ ಪಾತ್ರೆಯಲ್ಲಿ ಖಾಲಾ ಖುಷ್ಕಾ ಮಾಡುತ್ತಿದ್ದರು. ಈರುಳ್ಳಿ, ಪುದೀನ, ಲವಂಗ, ಚಕ್ಕೆ ಬಿದ್ದ ಅನ್ನ. ಮಾಂಸವಿಲ್ಲದ ಬಿರಿಯಾನಿ ಎನ್ನಿ. ಮುಚ್ಚಳದ ಮೇಲೆ ಕೆಂಡ ಹರಡಿ ದಮ್ಮಿಗೆ ಬಿಟ್ಟರೆ ತಳದಲ್ಲಿ ಒಂದು ಪದರ ಅನ್ನ ತುಪ್ಪ ಕುಡಿದು ಕೆಂಪಗೆ ಗರಿಗರಿಯಾಗಿ ಅಂಟಿಕೊಳ್ಳುತ್ತಿತ್ತು. ಅದಕ್ಕೆ ಖುರ್ಚನ್ ಎನ್ನುತ್ತೇವೆ. ಮೇಲಿನ ಅನ್ನ ದೊಡ್ಡವರಿಗೆ, ಖುರ್ಚನ್ ನಮಗೆ. ನೀಲಿ ಅಂಚಿನ ಎನಾಮೆಲ್ ತಟ್ಟೆ ಹಿಡಿದು ನಾವು ಮಕ್ಕಳೆಲ್ಲ ಸಾಲಾಗಿ ಕೂರುತ್ತಿದ್ದೆವು. ತಟ್ಟೆಗಳ ಎನಾಮೆಲ್ ಅಲ್ಲಲ್ಲಿ ಹಾರಿ ಕಪ್ಪು ಮಚ್ಚೆಗಳಾಗಿದ್ದವು. ನನ್ನ ತಟ್ಟೆಯ ಮಚ್ಚೆ ಕೋಳಿಯಂತಿತ್ತು. ಅದನ್ನು ಬೇರೆ ಯಾರಾದರೂ ಎತ್ತಿಕೊಂಡರೆ ಕದನವಾಗುತ್ತಿತ್ತು. ಖಾಲಾ ಕಬ್ಬಿಣದ ಸೌಟಿನಿಂದ ತಳ ಕೆರೆದು ಹಂಚುತ್ತಿದ್ದರು. ಆ ದಿನ ಯಾವ ಮಗು ಅತ್ತಿದೆಯೋ ಅದಕ್ಕೆ ದೊಡ್ಡ ಚೂರು ಎಂಬುದು ಅವರ ಕಾನೂನು. ಹೀಗಾಗಿ ಶುಕ್ರವಾರ ಬೆಳಿಗ್ಗೆಯಿಂದಲೇ ನಮ್ಮ ಮನೆಯಲ್ಲಿ ಅಳು ಶುರುವಾಗುತ್ತಿತ್ತು. ನಾನು ಚೆನ್ನಾಗಿಯೇ ಅಳುತ್ತಿದ್ದೆ.

ಕೆಂಪು ಪಾತ್ರೆ ಮನೆಗೆ ಬಂದ ದಿನ ಕೊರಿಯರಿನವನು ಅದನ್ನು ಹೊಸಲಿನ ಹೊರಗೇ ಇಳಿಸಿ ಸೊಂಟ ಹಿಡಿದುಕೊಂಡು ನಿಂತ. ನಮ್ಮವರಿಗೆ ಬಿ.ಬಿ. ರಸ್ತೆಯ ಕಡೆ ಒಂದು ಹಾರ್ಡ್‌ವೇರ್ ಅಂಗಡಿ ಇದೆ. ಕಬ್ಬಿಣದ ವಿಷಯದಲ್ಲಿ ಅವರದೇ ಕೊನೆಯ ಮಾತು. ಪಾತ್ರೆಯನ್ನು ಎತ್ತಿ ನೋಡಿದರು, ಬೆರಳಿನಿಂದ ಬಡಿದು ಸದ್ದು ಕೇಳಿದರು. ಆಮೇಲೆ, "ಮ್ಯಾನ್‌ಹೋಲ್ ಮುಚ್ಚಳ ಮಾಡೋದು ಇದ್ರಲ್ಲೇ ಕಣೇ. ಇದಕ್ಕೆ ಬಣ್ಣ ಹೊಡೆದವ್ರೆ, ಅಷ್ಟೇ ವ್ಯತ್ಯಾಸ" ಎಂದರು. ಅಂದಿನಿಂದ ಅವರಿಗೆ ಪಾತ್ರೆ ಮುಟ್ಟುವುದನ್ನು ನಿಷೇಧಿಸಿದೆ.

ಅದರ ಆರೈಕೆ ಒಂದು ಬಾಣಂತನಕ್ಕೆ ಸಮ. ಉರಿ ಸಣ್ಣದಿರಬೇಕು, ಬರಿ ಪಾತ್ರೆಯನ್ನು ಕಾಯಿಸಬಾರದು. ಬಿಸಿ ಇರುವಾಗ ತಣ್ಣೀರು ತಾಗಿಸಿದರೆ ಎನಾಮೆಲ್ ಬಿರುಕು ಬಿಡುತ್ತದಂತೆ. ಸ್ಟೀಲ್ ಸೌಟು, ಸ್ಟೀಲ್ ನಾರು ಹತ್ತಿರ ಸುಳಿಯಬಾರದು; ಮರದ ಸೌಟು, ಮೆತ್ತನೆಯ ಸ್ಪಂಜು ಮಾತ್ರ. ಅಗ್ಗದ ಪಾತ್ರೆಯಾದ್ದರಿಂದ ಎನಾಮೆಲ್ ತೆಳು, ಇನ್ನೂ ನಾಜೂಕು. ಅರಿಸಿನದ ಕಲೆಯಾದರೆ ಉಗುರುಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಹಾಕಿ ನೆನೆಸಬೇಕು. ಅಂಚಿಗೆ ಎನಾಮೆಲ್ ಇಲ್ಲದ್ದರಿಂದ ತೊಳೆದ ತಕ್ಷಣ ಒರೆಸಿ ಎಣ್ಣೆ ಸವರದಿದ್ದರೆ ತುಕ್ಕು. ನಾನು ಇದೆಲ್ಲವನ್ನೂ ಮಾಡಿದೆ. ಮಗಳ ಹಳೆಯ ಫ್ಲಾನೆಲ್ ಬಟ್ಟೆಯಲ್ಲಿ ಅದನ್ನು ಒರೆಸುತ್ತಿದ್ದುದನ್ನು ನೋಡಿ ನಮ್ಮವರು, ನನಗೆ ಜ್ವರ ಬಂದಾಗ ಹಣೆಯ ಮೇಲೆ ಒದ್ದೆ ಬಟ್ಟೆಯನ್ನೂ ಇಷ್ಟು ಮೆತ್ತಗೆ ಇಟ್ಟವಳಲ್ಲ ನೀನು ಎಂದು ಗೊಣಗಿದರು. ಆದರೆ ಒಂದು ಮಾತು ಒಪ್ಪಲೇಬೇಕು. ಆ ಪಾತ್ರೆಯಲ್ಲಿ ಬೇಳೆ ಬೆಂದರೆ ಬೆಣ್ಣೆಯಾಗುತ್ತಿತ್ತು. ಹುರುಳಿಕಾಳಿನ ಸಾರು ಒಲೆಯಿಂದ ಇಳಿಸಿದ ಮೇಲೂ ಬಹಳ ಹೊತ್ತು ಗೊಣಗುಟ್ಟುತ್ತಲೇ ಇರುತ್ತಿತ್ತು.

ಹೀಗಿರುವಾಗ ಖಾಲಾ ನಮ್ಮ ಮನೆಗೆ ಬಂದರು. ಶಿಡ್ಲಘಟ್ಟದಲ್ಲಿ ಅವರಿಗೆ ಕೆಟ್ಟ ಜ್ವರ ಬಂದು ಬಿಟ್ಟಿತ್ತು. ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಳು. ಮಗ ಅನ್ವರ್, ನನ್ನ ಅಣ್ಣನೇ ಎನ್ನಿ, ಗೂಡಿನ ಮಾರುಕಟ್ಟೆಗೂ ಆಸ್ಪತ್ರೆಗೂ ಓಡಾಡಿ ಸುಸ್ತಾಗಿ, ಸ್ವಲ್ಪ ದಿನ ಇಟ್ಟುಕೋ ಎಂದು ತಂದು ಬಿಟ್ಟ. ಜ್ವರ ಹೋಗಿತ್ತು, ಆದರೆ ಹೋಗುವಾಗ ಬಾಯಿರುಚಿಯನ್ನೂ ಮೂಗಿನ ವಾಸನೆಯನ್ನೂ ಜೊತೆಯಲ್ಲಿ ಒಯ್ದಿತ್ತು. ಗಂಜಿ ಕೊಟ್ಟೆ, ಒಂದು ಗುಟುಕು. ಬನ್ನು ಹಾಲಿನಲ್ಲಿ ಅದ್ದಿ ಕೊಟ್ಟೆ, ಹಾಗೇ ಉಳಿಯಿತು. ಕೋಳಿ ಸೂಪ್ ಮಾಡಿದೆ. ನನ್ನ ಮನಸ್ಸಿಗೆ ನೋವಾಗಬಾರದೆಂದು ಬಟ್ಟಲನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ನಮ್ಮ ಮನೆಮಾತು ಉರ್ದು. ಖಾಲಾನ ಮಾತನ್ನು ಇಲ್ಲಿ ಕನ್ನಡದಲ್ಲಿ ಹೇಳುವಾಗ ಬಯ್ಗುಳಗಳನ್ನು ಬಿಟ್ಟಿದ್ದೇನೆ, ಅವು ಅನುವಾದಕ್ಕೆ ಬಗ್ಗುವುದಿಲ್ಲ. ಆದರೆ ಆ ದಿನಗಳಲ್ಲಿ ಬಯ್ಗುಳವೂ ಇರಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಸಾರಿಗೆ ಉಪ್ಪು ಮರೆತೆ, ಅವರು ಬಯ್ಯಲಿಲ್ಲ. ಅವರ ಕೈಬಳೆ ಜಾರಿ ಮೊಣಕೈ ತನಕ ಹೋಗುತ್ತಿತ್ತು. ಹೀಗೇ ಊಟ ಬಿಟ್ಟರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಭಾನುವಾರ, ಕೊನೆಯ ಪ್ರಯತ್ನವೆಂದು ಕೆಂಪು ಪಾತ್ರೆಯಲ್ಲಿ ಖುಷ್ಕಾಕ್ಕೆ ಇಟ್ಟೆ. ಅಕ್ಕಿಯ ನೀರು ಇಂಗಿದ ಮೇಲೆ ಉರಿ ಸಣ್ಣ ಮಾಡಿ ದಮ್ಮಿಗೆ ಬಿಡಬೇಕು ಎನ್ನುವಷ್ಟರಲ್ಲಿ ಮಂಜುಳಾ ಮೇಡಂ ಫೋನ್ ಮಾಡಿದರು. ಪರೀಕ್ಷಾ ಕೆಲಸವನ್ನು ಯಾರ ತಲೆಗೆ ಕಟ್ಟಿದ್ದಾರೆ, ಯಾರು ತಪ್ಪಿಸಿಕೊಂಡಿದ್ದಾರೆ ಎಂಬುದು ಬೇಗ ಮುಗಿಯುವ ವಿಷಯವಲ್ಲ. ನಾನು ಫೋನ್ ಹಿಡಿದು ಬಾಲ್ಕನಿಗೆ ಹೋದೆ. ವಾಪಸು ಬರುವ ಹೊತ್ತಿಗೆ ಅಡುಗೆಮನೆಯಲ್ಲಿ ಹೊಗೆ. ಮುಚ್ಚಳ ತೆಗೆದರೆ ಮೇಲಿನ ಅನ್ನ ಪರವಾಗಿಲ್ಲ, ತಳ ಗಟ್ಟಿಯಾಗಿ ಹತ್ತಿಕೊಂಡಿದೆ. ನನಗೆ ಖಾಲಾನ ಊಟ ಕೆಟ್ಟಿತೆಂಬ ದುಃಖ ಹೆಚ್ಚೋ, ಎನಾಮೆಲ್ ಕೆಟ್ಟಿತೆಂಬ ದುಃಖ ಹೆಚ್ಚೋ ಎಂದು ಹೇಳಲಾರೆ. ಅನ್ನವನ್ನು ಬೇರೆ ಪಾತ್ರೆಗೆ ತೆಗೆದು, ಬಿಸಿನೀರು ಕಾಯಿಸಿ ತಳ ನೆನೆಸಬೇಕೆಂದು ಸೋಡಾ ಡಬ್ಬಿ ಹುಡುಕುತ್ತಿದ್ದೆ. ಬಾಗಿಲಲ್ಲಿ ಖಾಲಾ ನಿಂತಿದ್ದರು. ತಾವಾಗಿಯೇ ಎದ್ದು ಗೋಡೆ ಹಿಡಿದುಕೊಂಡು ಬಂದಿದ್ದರು.

"ತಳ ಹತ್ತಿಸಿದ್ಯಾ?" ಎಂದರು.

ವಾಸನೆ ಅವರ ಮೂಗಿಗೆ ಹೋಗಿತ್ತು. ನಾನು ಉತ್ತರ ಕೊಡುವ ಮೊದಲೇ ಅವರು ಅಲ್ಲೇ ನೆಲದ ಮೇಲೆ ಕೂತು, ಪಾತ್ರೆ ಇಲ್ಲಿ ಕೊಡು ಎಂದು ಕೈಚಾಚಿದರು. ನೆಲಕ್ಕೆ ದಪ್ಪ ಬಟ್ಟೆ ಹಾಕಿ ಪಾತ್ರೆಯನ್ನು ಅವರ ಮುಂದಿಟ್ಟು, ಮರದ ಸೌಟು ಕೊಟ್ಟೆ. ಅದರಿಂದ ಒಂದೆರಡು ಸಲ ತಳವನ್ನು ತಿವಿದರು, ಅನ್ನ ಅಲುಗಲಿಲ್ಲ. ಸೌಟನ್ನು ತಿರುಗಿಸಿ ನೋಡಿದರು. "ಇದೇನೇ ಸೌದೆ ಚೂರು? ಸ್ಟೀಲಿಂದು ಕೊಡಮ್ಮ."

ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ನಮ್ಮವರು ಪೇಪರ್ ಇಳಿಸಿ ನನ್ನನ್ನೇ ನೋಡಿದರು. ನಾನು ಪಾತ್ರೆಯ ಕೆನೆಬಿಳಿ ಗೋಡೆಯನ್ನು ನೋಡಿದೆ, ಖಾಲಾನ ಮೊಣಕೈಗೆ ಜಾರಿದ ಬಳೆಯನ್ನು ನೋಡಿದೆ. ಡ್ರಾಯರ್ ತೆಗೆದು ಸ್ಟೀಲ್ ಚಮಚ ಕೊಟ್ಟೆ.

ಎನಾಮೆಲ್ ಮೇಲೆ ಸ್ಟೀಲ್ ಉಜ್ಜುವ ಸದ್ದು ನಿಮಗೆ ಗೊತ್ತಿದ್ದರೆ ನನ್ನ ಸ್ಥಿತಿ ಅರ್ಥವಾಗುತ್ತದೆ. ಕರ್ ಕರ್ ಎಂದು ಒಂದೊಂದು ಸಲ ಎಳೆದಾಗಲೂ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಕರಕಲಾದದ್ದನ್ನು ಪಕ್ಕಕ್ಕೆ ಸರಿಸಿ, ಕೆಂಪಗಿರುವುದನ್ನು ಎಬ್ಬಿಸಿ ಬಾಯಿಗೆ ಹಾಕಿಕೊಂಡು, ಇರುವ ಕೆಲವು ಹಲ್ಲುಗಳ ಕಡೆಗೆ ಅದನ್ನು ತಳ್ಳಿ ಅಗಿದರು. ಮತ್ತೆ ಕೆರೆದರು. ಚಮಚಕ್ಕೆ ಅಂಟಿದ್ದನ್ನು ಉದುರಿಸಲು ಪಾತ್ರೆಯ ಅಂಚಿಗೆ ಠಣ್ ಎಂದು ಬಡಿದರು. ಅಂಚಿನ ಕೆಳಗಿನಿಂದ ಒಂದು ಕೆಂಪು ಚಕ್ಕೆ ಹಾರಿ ನನ್ನ ಕಾಲ ಬಳಿ ಬಿತ್ತು. ನಾನು ಅದನ್ನು ಕಾಲಿನಿಂದ ಮುಚ್ಚಿಕೊಂಡೆ. ನನಗೂ ಒಂದು ಚೂರು ಕೊಡಿ ಎಂದು ಮಾತಿಗೆ ಕೇಳಿದೆ.

"ಕೊಡಲ್ಲ" ಎಂದರು ಖಾಲಾ. "ನಿಮ್ಗೆಲ್ಲ ಹಂಚಿ ಹಂಚಿ ನನ್ ಪಾಲಿಗೆ ಪಾತ್ರೆ ತೊಳೆಯೋದೊಂದೇ ಉಳೀತಿತ್ತು. ಅಷ್ಟು ವರ್ಷ ಮಾಡಿದ್ನಲ್ಲ, ಒಂದಿನಾನೂ ನನ್ ಬಾಯಿಗೆ ಬಿದ್ದಿಲ್ಲ ಇದು."

ಅವರು ಇದನ್ನು ದೂರಿನಂತೆ ಹೇಳಲಿಲ್ಲ, ಅಗಿಯುತ್ತಲೇ ಹೇಳಿದರು. ಆಮೇಲೆ ತಲೆಯೆತ್ತಿ, ಉಪ್ಪು ಕಮ್ಮಿ ಎಂದು ಹೇಳಿ, ಅದರ ಜೊತೆಗೆ ಅನುವಾದವಾಗದ ಒಂದು ಮಾತನ್ನೂ ಸೇರಿಸಿದರು. ನಾನು ಸೋಡಾ ಡಬ್ಬಿ ಹುಡುಕುವ ನೆಪದಲ್ಲಿ ಕಪಾಟಿನೊಳಗೆ ತಲೆ ಹಾಕಿ ಕಣ್ಣು ಒರೆಸಿಕೊಂಡೆ. ಹಾಲ್‌ನಲ್ಲಿ ಪೇಪರ್ ಮತ್ತೆ ಮೇಲಕ್ಕೆ ಹೋಯಿತು.

ಮರುದಿನವೂ ಅವರಿಗೆ ಖುರ್ಚನ್ನೇ ಬೇಕಾಯಿತು. ಆಗ ಗೊತ್ತಾಯಿತು ನನ್ನ ಕಷ್ಟ. ಬೇಡವೆಂದಾಗಲೆಲ್ಲ ತಳ ಹತ್ತಿಸುತ್ತಾ ಬಂದವಳಿಗೆ, ಬೇಕೆಂದು ಹತ್ತಿಸಲು ಬರುವುದಿಲ್ಲ. ಸಣ್ಣ ಉರಿಯಲ್ಲಿ ಆ ಪಾತ್ರೆ ಅನ್ನವನ್ನು ಮಲ್ಲಿಗೆಯಂತೆ ಬಿಡಿಸಿ ಕೊಡುತ್ತಿತ್ತು, ತಳದಲ್ಲಿ ಒಂದಗಳೂ ಅಂಟುತ್ತಿರಲಿಲ್ಲ. ಉರಿ ಜೋರು ಮಾಡಿದರೆ ಇದ್ದಿಲು. ಕೊನೆಗೆ ಖಾಲಾ ತಾವೇ ಒಲೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, ಮೂಗಿನಿಂದ ಅಳೆದು, "ಈಗ ಆರಿಸು" ಎನ್ನತೊಡಗಿದರು. ಬಳೆ ನಿಧಾನವಾಗಿ ಮುಂಗೈಗೆ ಇಳಿದು ನಿಂತಿತು. ಪಾತ್ರೆಯ ತಳದಲ್ಲಿ ಬೂದು ಗೀರುಗಳು, ಅಂಚಿನ ಕೆಳಗೆ ಕಪ್ಪು ಮಚ್ಚೆ. ಸೊಸೆಗೆ ಗಂಡು ಮಗುವಾಗಿ, ಅವಳು ಮನೆಗೆ ಬರುವ ದಿನ ಗೊತ್ತಾಗಿ, ಅನ್ವರ್ ತಾಯಿಯನ್ನು ಕರೆದೊಯ್ಯಲು ಕಾರು ತಂದ. ಖಾಲಾ ಹಿಂದಿನ ಸೀಟಿನಲ್ಲಿ ಕೂತರು. ಅವರ ಪಕ್ಕದಲ್ಲಿ, ನನ್ನ ಫ್ಲಾನೆಲ್ ಬಟ್ಟೆ ಸುತ್ತಿಕೊಂಡು, ಕೆಂಪು ಪಾತ್ರೆ ಕೂತಿತ್ತು. ಒಂದು ಮಾತು ನನ್ನನ್ನು ಕೇಳಿರಲಿಲ್ಲ. ನಾನೂ ಕೇಳಲಿಲ್ಲ.

ಈಗ ನಾನು ಸಮಯ ಸಿಕ್ಕಿದ ಶುಕ್ರವಾರಗಳಲ್ಲಿ, ಕಾಲೇಜು ಮುಗಿಸಿಕೊಂಡು, ಶಿಡ್ಲಘಟ್ಟದ ಬಸ್ಸು ಹತ್ತುತ್ತೇನೆ. ಖಾಲಾಗೆ ವಯಸ್ಸಾಯಿತು, ಆಗಾಗ ನೋಡಿಕೊಂಡು ಬರಬೇಕು ಎಂದು ಮನೆಯಲ್ಲಿ ಹೇಳುತ್ತೇನೆ. ನಮ್ಮವರು ವಾದಿಸುವುದಿಲ್ಲ. ತಮಗೂ ಒಂದು ಚೂರು ಖುರ್ಚನ್ ತಾ ಎಂದು ಡಬ್ಬಿಯೊಂದನ್ನು ನನ್ನ ಕೈಚೀಲದಲ್ಲಿ ಇಟ್ಟು ಕಳಿಸುತ್ತಾರೆ. ಖಾಲಾ ಅದರ ತುಂಬ ತುಂಬಿಯೇ ಕೊಡುತ್ತಾರೆ. ಆದರೆ ಸಂಜೆಯ ಬಸ್ಸು ಅಲ್ಲಲ್ಲಿ ನಿಂತು ನಿಂತು ಹೋಗುತ್ತದೆ, ಕಿಟಕಿಯ ಗಾಳಿಗೆ ಹಸಿವಾಗುತ್ತದೆ. ಮನೆಗೆ ಬಂದು, ಈ ಸಲವೂ ತಳ ಹತ್ತಲಿಲ್ಲವಂತೆ ರೀ, ಎಂಥಾ ಒಳ್ಳೆ ಪಾತ್ರೆ ನೋಡಿ ಎಂದು ಹೇಳಿ ಖಾಲಿ ಡಬ್ಬಿಯನ್ನು ತೊಳೆಯಲು ಹಾಕುತ್ತೇನೆ.