ಒಂಬತ್ತನೆಯ ಕೊಂಬೆ

ಓರೆ ಕಂಡರೆ ಶ್ರೀನಿವಾಸಮೂರ್ತಿಗಳ ಕೈ ಸುಮ್ಮನಿರುತ್ತಿರಲಿಲ್ಲ. ಕೊಲ್ಲಿ ದೇಶದ ಅಲ್ ಖೌದಿನ ಆ ಕಟ್ಟಡದಲ್ಲಿ ಯಾರ ಬಾಗಿಲು ವಾಲಿದರೂ, ಯಾರ ಗೋಡೆಯ ಪಟ ಸೊಟ್ಟಗಾದರೂ ಇವರು ಹಾಜರು. ಮೈಸೂರಿನ ಇಂಜಿನಿಯರ್ ಅಂದರೆ ಏನಂದುಕೊಂಡಿರಿ ಎಂದು ತಾವೇ ಹೇಳಿಕೊಳ್ಳುತ್ತಲೂ ಇದ್ದರು.

ಆ ದಿನ ಬೆಳಿಗ್ಗೆ ಎದುರು ಫ್ಲಾಟಿನ ರಿಬೇಕಾಬಾಯಿ ಒಂದು ಹಿತ್ತಾಳೆ ದೀಪ ಹಿಡಿದು ಬಂದರು. ಮುಂಬಯಿಯ ಯಹೂದಿ ಮನೆತನ. ಗಂಡ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿದ್ದುದರಿಂದ ಅಜ್ಜಿಯದು ಅಪ್ಪಟ ಹುಬ್ಬಳ್ಳಿ ಕನ್ನಡ.

"ಮೂರ್ತಿ, ಇದು ನಮ್ಮತ್ತಿ ಕೊಟ್ಟ ಮೆನೋರಾ. ಇವತ್ತ ಸಂಜೀಕ ಹನುಕ್ಕಾ ಹಬ್ಬದ ಮೊದಲನೇ ದೀಪ ಹಚ್ಚಬೇಕು. ತಳದ ಸ್ಕ್ರೂ ಸಡಲ ಆಗೇತಿ. ಮಗ ನೋಡಿದ್ರ ದೂರದ ಸೂರ್ ಊರಾಗ ಡ್ಯೂಟಿ ಮ್ಯಾಲ ಅದಾನ. ಬಿಗಿ ಮಾಡಿ ಕೊಡ್ತೀಯೇನು, ತಮ್ಮಾ?"

"ಅಷ್ಟೇನಾ ಅಜ್ಜಿ? ಹೊಸದೇ ಮಾಡಿಕೊಡ್ತೀನಿ!"

ಸ್ಕ್ರೂ ಒಂದೇ ತಿರುವಿಗೆ ಬಿಗಿಯಾಯಿತು. ಕೆಲಸ ಅಲ್ಲಿಗೇ ಮುಗಿದಿದ್ದರೆ ಈ ಕತೆ ಯಾಕೆ ಹುಟ್ಟುತ್ತಿತ್ತು? ಒಂಬತ್ತು ಕೊಂಬೆಗಳಲ್ಲಿ ನಡುವಿನದೊಂದು ಮಾತ್ರ ಉಳಿದವಕ್ಕಿಂತ ನಾಲ್ಕು ಬೆರಳು ಎತ್ತರಕ್ಕೆ ನಿಂತಿತ್ತು. ಅದರ ಬುಡದಲ್ಲಿ ಹಳೆಯ ಬೆಸುಗೆಯ ಗುರುತು ಬೇರೆ.

"ನೋಡೇ ಕಾಂತಾ, ಯಾವನೋ ದಡ್ಡ ರಿಪೇರಿ ಮಾಡಕ್ಕೆ ಹೋಗಿ ಕೆಡಿಸಿದಾನೆ."

"ಅಜ್ಜೀನ ಒಂದು ಮಾತು ಕೇಳ್ರೀ," ಎಂದರು ಹೆಂಡತಿ ಕಾಂತಾಮಣಿ.

"ಕೇಳೋದೇನು? ಕಣ್ಣಿಗೆ ಕಾಣಲ್ವಾ?"

ಗರಗಸ ಹೊರಬಂತು. ನಡುವಿನ ಕೊಂಬೆ ಕತ್ತರಿಸಿ, ತುದಿಯ ಬಟ್ಟಲನ್ನು ತಗ್ಗಿಸಿ ಬೆಸೆದು, ಮೇಲೆ ಓರೆ ಅಳೆಯುವ ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ಸರಿಯಾಗಿ ಮಧ್ಯದಲ್ಲಿ! ಕಾಂತಾಮಣಿ ಹುಣಸೆಹಣ್ಣು ಹಾಕಿ ಫಳಫಳ ಬೆಳಗಿದರು. ಮೂರ್ತಿಗಳು ಹೆಮ್ಮೆ ತಡೆಯಲಾರದೆ ಮೇಲಿನ ಮನೆಯ ನಬೀಸಾರನ್ನೂ ಕರೆದು ತೋರಿಸಿದರು.

ಅಷ್ಟರಲ್ಲಿ ಶಾಲೆಯಿಂದ ಬಂದ ಮಗಳು ಖುಷಿ ಬ್ಯಾಗು ಇಳಿಸುವ ಮೊದಲೇ ದೀಪ ನೋಡಿ ಕೇಳಿದಳು. "ಅಪ್ಪಾ, ವೇರ್ ಈಸ್ ದ ಶಮಾಶ್?"

"ಯಾವ ಶಮಾಶ್?"

"ಹೆಲ್ಪರ್ ಕ್ಯಾಂಡಲ್! ಮಿಕ್ಕಿದ ಎಂಟನ್ನೂ ಅದರಿಂದ್ಲೇ ಹಚ್ಚೋದು. ಅದು ಹಬ್ಬದ ಲೆಕ್ಕಕ್ಕೆ ಸೇರಲ್ಲ, ಅದಕ್ಕೇ ಎತ್ತರಕ್ಕೆ ಬೇರೆಯಾಗಿ ಇರ್ಬೇಕು. ಪ್ರಾಜೆಕ್ಟಲ್ಲಿ ಬರೆದಿದ್ದೆ."

ಮೂರ್ತಿಗಳ ಮುಖ ಇಂಗು ತಿಂದ ಮಂಗನಂತಾಯಿತು. ಕತ್ತರಿಸಿದ ತುಂಡು? ಆಗಲೇ ಕಸದ ಲಾರಿ ಹತ್ತಿತ್ತು.

"ಖಲಾಸ್!" ಎಂದರು ನಬೀಸಾ. "ಹೆದರ್ಬೇಡಿ ಮೂರ್ತಿಯವರೇ, ಅದರ ಮೇಲೆ ಕಾಹ್ವಾ ಕಾಫಿಯ ಕಪ್ಪು ಕವುಚಿ ಇಡುವ. ಎತ್ತರ ಆಗ್ತದೆ."

ಕಪ್ಪು ಕವುಚಿದರು, ಮೇಣದ ಬತ್ತಿ ಉರುಳಿತು. ಅಂಟು ಹಾಕಿದರು, ಮೂರ್ತಿಗಳ ಬೆರಳೇ ಕಪ್ಪಿಗೆ ಅಂಟಿತು. ಎಣ್ಣೆ ಹಚ್ಚಿ ಬಿಡಿಸುವುದರೊಳಗೆ ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಕೇಳಿಸಿತು. ಬಾಗಿಲಲ್ಲಿ ರಿಬೇಕಾಬಾಯಿ!

"ಅಜ್ಜಿ, ದೊಡ್ಡ ತಪ್ಪಾಗಿಹೋಯ್ತು," ಎಂದು ಮೂರ್ತಿಗಳು ತಲೆ ತಗ್ಗಿಸಿದರು. ಅವರಿಗೆ ನಿಜಕ್ಕೂ ಅಳು ಬರುವಂತಾಗಿತ್ತು.

ಅಜ್ಜಿ ಮೋಟು ಕೊಂಬೆಯನ್ನು ಸವರಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಆ ಹಳೇ ಬೆಸುಗಿ ಯಾರದಂತ ತಿಳದಿ? ನಮ್ಮ ಮನೆಯವರದು! ಮದುವ್ಯಾದ ವರ್ಷ ಲೆವೆಲ್ ಮಾಡ್ತೇನಂತ ಅವರೂ ಹಿಂಗ ಕೊಯ್ದು, ಆಮ್ಯಾಲ ತಿರುಗಿ ಎತ್ತರ ಮಾಡಿ ಬೆಸದಿದ್ರು. ಅವರೂ ಇಂಜಿನಿಯರ್ ನೋಡು!"

ಮೂರ್ತಿಗಳ ಎದೆ ಮತ್ತೆ ಉಬ್ಬಿತು. "ಹಾಗಾದ್ರೆ ದೊಡ್ಡೋರು ನಡೆದ ದಾರೀಲೇ ನಡೆದಿದ್ದೀನಿ ಅನ್ನಿ!"

"ಹೌದಪಾ. ಅವರಿಗೆ ನಮ್ಮತ್ತಿ ಕೊಟ್ಟ ಶಿಕ್ಷಾನೂ ಅದ. ಎಂಟೂ ಸಂಜಿ, ದೀಪ ಆರೂತನಕ, ಶಮಾಶ್ ಕೈಯಾಗ ಎತ್ತಿ ಹಿಡಕೊಂಡು ನಿಂದರಬೇಕು."

"ನಾಳೇನೇ ಬೆಸುಗೆ ಹಾಕ್ಬಿಡ್ತೀನಿ ಅಜ್ಜಿ!"

"ನೀ ಮಾತ್ರ ಇನ್ನ ಅದನ್ನ ಮುಟ್ಟಬ್ಯಾಡ. ಹಬ್ಬ ಮುಗದ ಮ್ಯಾಲ ಮಗ ಬರ್ತಾನ."

ಎದುರು ಮನೆಯ ಕಿಟಕಿಯ ಬಳಿ ಎಲ್ಲರೂ ಸೇರಿದರು. ಅಜ್ಜಿ ನಡುಗುವ ದನಿಯಲ್ಲಿ ಪ್ರಾರ್ಥನೆ ಹಾಡಿ, ಮೂರ್ತಿಗಳ ಕೈಯ ಬತ್ತಿಯಿಂದ ಬಲತುದಿಯ ಮೊದಲ ದೀಪ ಹಚ್ಚಿ, ಬತ್ತಿಯನ್ನು ಮತ್ತೆ ಅವರ ಕೈಗೇ ಕೊಟ್ಟರು. ಅಜ್ಜಿಯ ಅತ್ತೆಯ ದೀಪ ಈ ವರ್ಷವೂ ಹೊತ್ತಿಕೊಂಡಿತು. ಬೆರಳ ಮೇಲೆ ಮೇಣ ತೊಟ್ಟಿಕ್ಕಿದರೂ ಮೂರ್ತಿಗಳು ಅಲುಗಲಿಲ್ಲ. ಇಡೀ ಕಟ್ಟಡದಲ್ಲಿ ಈ ಭಾಗ್ಯ ಇನ್ನಾರಿಗೆ ಸಿಕ್ಕಿತು ಎಂದು ಹೆಮ್ಮೆಯಿಂದ ಎದೆ ಸೆಟೆಸಿ ನಿಂತರು.

ಆಗ ಕಾಂತಾಮಣಿ ಮೆಲ್ಲಗೆ ಬಂದು, ಚಾಚಿದ ಅವರ ತೋಳಿನ ಮೇಲೆ ರಸಮಟ್ಟ ಇಟ್ಟು ಗುಳ್ಳೆ ನೋಡಿದರು.

"ಸ್ವಲ್ಪ ಓರೆ ಆಯ್ತು ಕಣ್ರೀ. ನೆಟ್ಟಗೆ ಹಿಡೀರಿ!"