ಪಡಸಾಲೆಯೊಳಗಿನ ಪರದೇಶ

ಸುಂಕಪ್ಪ ಮಾಸ್ತರರ ಕಷ್ಟಕ್ಕೆಲ್ಲ ಕಾರಣ ಆ ಕರಾರುಪತ್ರದ ಏಳನೇ ಕಲಮು. ಓದದೇ ಸಹಿ ಹಾಕಿದ್ದರೆ ಅಯ್ಯೋ ಪಾಪ ಅನ್ನಬಹುದಿತ್ತು. ಅವರು ಎರಡು ಸಲ ಓದಿ, ಹಿಗ್ಗಿ ಸಹಿ ಹಾಕಿದ್ದರು.

ಹಲವು ದೇಶಗಳು ಸೇರಿ ಕಟ್ಟಿದ ಜಲ ಸಂಸ್ಥೆಯೊಂದು ಎಂಬತ್ತಮೂರನೇ ಇಸವಿಯಲ್ಲಿ ದೇವದುರ್ಗದ ಹಳ್ಳಿಗಳಿಗೆ ಕೈಪಂಪು ಹಾಕಿಸಲು ಬಂದು, ಮಾಸ್ತರರ ಪಡಸಾಲೆಯನ್ನು ಆಫೀಸಿಗೆಂದು ಬಾಡಿಗೆ ಹಿಡಿದಿತ್ತು. ಸಂಸ್ಥೆಯ ಸಾಹೇಬರ ಚೀಟಿ ಇಲ್ಲದೆ ಪೊಲೀಸರಾಗಲಿ, ಕೋರ್ಟಿನ ಅಮೀನರಾಗಲಿ, ಮನೆಯ ಮಾಲೀಕರಾಗಲಿ ಒಳಗೆ ಕಾಲಿಡಕೂಡದು ಎಂಬುದು ಏಳನೇ ಕಲಮು. ಇಂಥ ಸಂಸ್ಥೆಗಳಿಗೆ ಲೋಕದಲ್ಲೆಲ್ಲ ಕಾನೂನೇ ಹಾಗಂತೆ. ಅಂದಿನಿಂದ ಮಾಸ್ತರರು ಚಹಾದಂಗಡಿಯಲ್ಲಿ, "ನಮ್ಮ ಪಡಸಾಲಿ ಈಗ ಪರದೇಶ ಇದ್ದಂಗ. ಡಿಸಿ ಸಾಹೇಬ್ರು ಬಂದ್ರೂ ಹೊರಗ ನಿಂದ್ರಬೇಕು" ಎಂದು ಮೀಸೆ ತಿರುವುತ್ತಿದ್ದರು.

ಆ ಶನಿವಾರ ಮಗಳು ಆದೆಮ್ಮನನ್ನು ನೋಡಲು ಮಾನ್ವಿಯಿಂದ ಗಂಡಿನವರು ನಾಲ್ಕರ ಬಸ್ಸಿಗೆ ಬರುವವರಿದ್ದರು. ಹಿಂದೆ ಎರಡು ಸಂಬಂಧ ಕೈತಪ್ಪಿದ್ದವು. ಇದೂ ತಪ್ಪಿದರೆ ಗತಿಯೇನು ಎಂಬುದೇ ಮಾಸ್ತರರಿಗೆ ಬೆಳಗಿನಿಂದ ಚಿಂತೆ.

"ಬಂದವರ್ನ ಎಲ್ಲಿ ಕುಂದ್ರಸ್ಲಿ? ಒಲಿ ಮುಂದ?" ಎಂದಳು ಹೆಂಡತಿ ಯಮನಮ್ಮ. "ಒಂದು ತಾಸು ಪಡಸಾಲಿ ಕೇಳ್ರಿ."

"ಕೇಳಾಕ ಬರಂಗಿಲ್ಲಲೇ. ಅಲ್ಲಿ ನನ್ನ ಮಾತು ನಡಿಯಂಗಿಲ್ಲ."

"ನಿಮ್ಮ ಮಾತು ನಡೀಲಾರದ ಜಾಗ ಈ ಮನ್ಯಾಗ ಒಂದರೆ ಅದ ಅಂದಂಗಾತು. ನಾ ಅಲ್ಲೇ ಹೋಗಿ ಕುಂದರ್ತೀನಿ!"

ಹಾಗಂದವಳೇ ಬೀದಿಗಿಳಿದು, ಮುಂಬಾಗಿಲಿನಿಂದ ಪಡಸಾಲೆ ಹೊಕ್ಕು ಸಾಹೇಬರ ಕುರ್ಚಿಯ ಮೇಲೆ ಕುಳಿತೇಬಿಟ್ಟಳು. ಸಕ್ಕರೆ ಇದ್ದ, ಮಗಳ ರೇಷ್ಮೆ ಸೀರೆ ಇದ್ದ ಕಪಾಟಿನ ಕೀಲಿ ಅವಳ ಸೊಂಟದಲ್ಲೇ ಇತ್ತು. ಗಡಿಯಾರ ಎರಡೂವರೆ ತೋರಿಸುತ್ತಿತ್ತು.

ಹಿಂದೆಯೇ ಓಡಿದ ಮಾಸ್ತರರಿಗೆ ಕಾವಲುಗಾರ ಅಬ್ದುಲ್ ವಹೀದ್ ಅಡ್ಡ ಕೈ ಹಿಡಿದ.

"ಚೀಟಿ ಅದೇನ್ರಿ ಮಾಸ್ತರ್ರ?"

"ಅಕಿ ಹೆಂಗ ಹೋದ್ಳು ಮತ್ತ?"

"ದಿನಾ ಕುಡಿಯೋ ನೀರು ತುಂಬಾಕ ಅಮ್ಮಾರಿಗಿ ಸಾಬ್ರು ಚೀಟಿ ಕೊಟ್ಟಾರ್ರಿ. ನಿಮಗಿಲ್ಲ. ಸಾಬ್ರು ಇನ್ನ ಬರೋದು ಸೋಮವಾರ."

ಎದುರುಮನೆಯ ಕುಬ್ರಾ ಬೇಗಂ ಕಿಟಕಿಯಿಂದಲೇ, "ಪೊಲೀಸರ್ನ ಕರೀರಿ ಮಾಸ್ತರ್ರ, ಹೆದರಿಸಿ ಕಳಸ್ತಾರ" ಎಂದು ಸಲಹೆ ಕೊಟ್ಟಳು. ಮಾಸ್ತರರು ಬಿಸಿಲಲ್ಲಿ ಠಾಣೆಗೆ ಓಡಿ ಹೆಡ್ ಕಾನ್‌ಸ್ಟೇಬಲ್ ದುರುಗಪ್ಪನನ್ನು ಕರೆತಂದರು. ದುರುಗಪ್ಪ ಏಳನೇ ಕಲಮು ಓದಿದ, ಟೋಪಿ ತೆಗೆದು ಬೆವರು ಒರೆಸಿಕೊಂಡ.

"ನಾ ಒಳಗ ಕಾಲಿಟ್ರ ದಿಲ್ಲಿತನಕ ಜವಾಬು ಹೇಳ್ಬೇಕಾಗ್ತದ್ರಿ. ಅದಿರ್ಲಿ, ಚೀಟಿ ಇಲ್ದ ಯಾರರೆ ಹೊಕ್ಕು ಹೊರಗ ಬಂದ್ರ ಮಾತ್ರ ಅಲ್ಲೇ ಹಿಡೀತೀನಿ" ಎಂದು ಕಟ್ಟೆಯ ಮೇಲೆ ಕುಳಿತು, ಚಹಾ ಬರುವ ದಾರಿ ನೋಡತೊಡಗಿದ.

ನಾಲ್ಕಾಗಲು ಹತ್ತು ನಿಮಿಷ. ಅಡುಗೆಮನೆಗೂ ಪಡಸಾಲೆಗೂ ನಡುವೆ ಒಂದು ಬಾಗಿಲು ಇದ್ದದ್ದು ಆಗ ಮಾಸ್ತರರಿಗೆ ನೆನಪಾಯಿತು. ಕರಾರಿನ ಪ್ರಕಾರ ಮುಚ್ಚಿಡಬೇಕಾದ ಬಾಗಿಲು, ಚಿಲಕ ಮಾತ್ರ ಅಡುಗೆಮನೆಯ ಕಡೆಗೇ ಇತ್ತು. ಸದ್ದಾಗದಂತೆ ಚಿಲಕ ತೆಗೆದು, ಪಂಪಿನ ಪೈಪುಗಳ ಹಿಂದೆ ಅಂಬೆಗಾಲಿಕ್ಕುತ್ತ ಒಳನುಸುಳಿದರು. ಹೆಂಡತಿಯ ಕಾಲು ಹಿಡಿಯಲೂ ಅವರು ಸಿದ್ಧರಾಗಿದ್ದರು.

ಅಷ್ಟರಲ್ಲಿ ಕುಬ್ರಾ ಬೇಗಂ ಕೂಗಿದಳು: "ಯಮನಮ್ಮಾ, ಬಸ್ಸು ಬಂತವ್ವಾ! ಮಗಳ ಮಾರಿ ನೋಡಿ ಸಿಟ್ಟು ನುಂಗು!"

ಯಮನಮ್ಮನ ಸಿಟ್ಟು ಇಳಿಯಿತು. ದಡಬಡ ಎದ್ದು ಮುಂಬಾಗಿಲಿನಿಂದ ಹೊರಬಿದ್ದಳು. ಅವಳು ಹೋದದ್ದೇ ತಡ, ಅಬ್ದುಲ್ ವಹೀದ್ ಶನಿವಾರದ ಪದ್ಧತಿಯಂತೆ ಬಾಗಿಲೆಳೆದು, ಬೀಗ ಜಡಿದು, ಅರಗಿನ ಮೊಹರು ಒತ್ತಿದ. ಅದನ್ನು ಒಡೆಯುವ ಹಕ್ಕು ಸೋಮವಾರ ಬರುವ ಸಾಹೇಬರದು ಮಾತ್ರ.

ಪೈಪಿನ ಸಂದಿಯಿಂದ ಮಾಸ್ತರರು ನಡುಬಾಗಿಲಿಗೆ ಬರುವುದರೊಳಗೆ ಹಿತ್ತಲ ಕಡೆಯಿಂದ ಅಡುಗೆಮನೆ ಸೇರಿದ ಯಮನಮ್ಮ, ಅದು ತೆರೆದದ್ದು ಕಂಡು, ಬೆಕ್ಕು ಬಂದೀತೆಂದು ಚಿಲಕ ಹಾಕಿದಳು.

"ಲೇ, ನಾ ಒಳಗ ಅದೀನಿ! ತೆಗಿ!"

ಯಮನಮ್ಮ ಬಾಗಿಲಿಗೆ ಬಾಯಿ ಹಚ್ಚಿ, "ನಿಮಗ ಚೀಟಿ ಅದೇನ್ರಿ? ಹೊರಗ ಬಂದ್ರ ದುರುಗಪ್ಪ ಬೀಗರ ಮುಂದ ನಿಮ್ಮನ್ನ ಹಿಡ್ಕೊಂಡು ಹೋಗ್ತಾನ. ಕೆಮ್ಮಬ್ಯಾಡ್ರಿ, ಮಗಳ ಆಣಿ ಅದ" ಎಂದಳು.

ಗಂಡಿನವರು ಬಂದರು. ಒಲೆಯ ಮುಂದೆಯೇ ಚಾಪೆ ಹಾಸಿದ್ದಾಯಿತು. ಬಾಗಿಲಿಗೆ ಕಿವಿಯಿಟ್ಟು ಕುಳಿತ ಮಾಸ್ತರರಿಗೆ ಸಕ್ಕರೆ ಡಬ್ಬಿಯ ಸದ್ದು, ಮಗಳ ಬಳೆಯ ಸದ್ದು ಕೇಳಿದವು. ಹುಡುಗಿ ಹಿಡಿಸಿತೆಂದು ಗಂಡಿನ ತಂದೆ ತಾಯಣ್ಣ ಹೇಳಿದ್ದೂ ಕೇಳಿತು. ಮಾಸ್ತರರ ಕಣ್ಣಲ್ಲಿ ನೀರು ಬಂತು.

"ಹುಡುಗಿ ತಂದಿ ಎಲ್ಲಿ ಕಾಣವಲ್ರು?" ಎಂದರು ತಾಯಣ್ಣ.

"ಅವ್ರು ಪರದೇಶದಾಗ ಅದಾರ್ರಿ," ಯಮನಮ್ಮನ ದನಿ ತಣ್ಣಗಿತ್ತು. "ಸೋಮವಾರ ಬರ್ತಾರ."

ತಾಯಣ್ಣ ಹಿರಿಹಿರಿ ಹಿಗ್ಗಿದರು. "ಪರದೇಶದಾಗ! ನಮಗ್ಯಾರೂ ಹೇಳೇ ಇಲ್ಲಲ್ರಿ! ಹಂಗಾದ್ರ ಸಂಬಂಧ ಪಕ್ಕಾ ಯವ್ವಾ. ಬೇರೆ ಏನೂ ಕೇಳಂಗಿಲ್ಲ ನಾವು. ಬರೋವಾಗ ಹುಡುಗನಿಗಿ ಒಂದು ಸ್ಕೂಟರ್ ಅಲ್ಲಿಂದಾನ ತರ್ಲಿ, ಸಾಕು."