ಹನಕೆರೆಯವಳ ಹೆಸರು

ಆಸ್ಪತ್ರೆಯಲ್ಲಿ ನನ್ನ ಮೈದನಿಗೆ ಮರೆವು ಬಂತು ಅಂತ ಊರೆಲ್ಲ ಹೇಳುತ್ತೆ. ಸುಳ್ಳು! ಕಟ್ಟಿಕೊಂಡ ಹೆಂಡತಿಯ ಹೆಸರು ಆತನಿಗೆ ಗೊತ್ತೇ ಇರಲಿಲ್ಲ, ಅಷ್ಟೆ.

ಊರಿನ ಹೆಸರು ಕೇಳಿ, ಊಟ ಬಿಟ್ಟು ಹೇಳುತ್ತಾನೆ. ನಮ್ಮೂರು ಸಣ್ಣಕ್ಕನಕೊಪ್ಪಲು. ಬಸ್ಸಿನ ಬೋರ್ಡಿನಲ್ಲಿ ಸಣ್ಣಪ್ಪನಕೊಪ್ಪಲು, ಹಾಲಿನ ಡೇರಿಯಲ್ಲಿ ಎಸ್.ಕೆ. ಕೊಪ್ಪಲು. ಅಕ್ಕ ಅಪ್ಪ ಆದದ್ದು ಹೇಗೆ ಅಂತ ಮದ್ದೂರು, ಮಳವಳ್ಳಿ ಕಚೇರಿಗಳನ್ನೆಲ್ಲ ಅಲೆದ.

"ಸಣ್ಣಕ್ಕ ಪಾಳೇಗಾರನ ಮಗಳು, ಅತ್ತಿಗೆ!"

"ನಾಕು ಎಮ್ಮೆ ಕಟ್ಕೊಂಡು ಗುಡ್ಲು ಆಕಿದೋಳಿರಬೇಕು ಕಣಪ್ಪ."

"ನಿಮಗೆ ಚರಿತ್ರೆ ಗೊತ್ತಿಲ್ಲ."

"ಎಮ್ಮೆ ಗೊತ್ತು!"

ಒಂದು ದಿನ ಮಳವಳ್ಳಿ ಬಸ್ಸಿಗೆ ಅಡ್ಡ ನಿಂತು ಬೋರ್ಡು ಅಳಿಸು ಅಂದ. "ಅತ್ತಂಗಿದ್ರೆ ಅತ್ತಿ, ಇಲ್ದಿದ್ರೆ ದಾರಿ ಬುಡಿ ಯಜಮಾನ್ರೇ," ಅಂದ ಕಂಡಕ್ಟರು. "ನಮ್ಮೂರಲ್ಲದ ಊರಿನ ಬಸ್ಸು ನಾನ್ಯಾಕಯ್ಯ ಅತ್ಲಿ?" ಅಂತ ಮಂಡಿನೋವು ಇಟ್ಟುಕೊಂಡು ಮಳವಳ್ಳಿವರೆಗೂ ನಡೆದ!

ನಮ್ಮ ಕಡೆ ಸೊಸೆಯಾಗಿ ಬಂದವಳಿಗೆ ತವರೂರೇ ಹೆಸರು. ನಾನು ಬಸರಾಳವಳು. ಈತನ ಹೆಂಡತಿ ಹನಕೆರೆಯವಳು. ಒಂದೇ ಒಲೆಯ ಮೇಲೆ ನಲವತ್ತು ವರ್ಷ ಮುದ್ದೆ ತಿರುವಿದ್ದೇವೆ, ಬೇರೆ ಹೆಸರು ಬೇಕೇ ಆಗಲಿಲ್ಲ. ಮೊನ್ನೆ ಅವಳು ಹಿತ್ತಲಲ್ಲಿ ಎಚ್ಚರ ತಪ್ಪಿ ಬಿದ್ದಳು. ಆಟೋದಲ್ಲಿ ಮಂಡ್ಯದ ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಸೂಜಿ ಚುಚ್ಚಿದರು. ನರ್ಸಮ್ಮ, "ಹೆಸರು ಹಿಡಿದು ಕೂಗಿ, ಕಣ್ಣು ಬಿಡ್ತಾರಾ ನೋಡೋಣ," ಅಂದಳು.

"ಏ ಇವಳೇ!" ಅಂದ ಮೈದ. ಅವಳು ಅಲ್ಲಾಡಲಿಲ್ಲ.

"ಹೆಸರು, ಯಜಮಾನ್ರೇ!"

"ಹನಕೆರೆ..."

"ಊರಲ್ಲ! ಅಜ್ಜಿ, ನೀವಾದ್ರೂ ಹೇಳಿ."

ನಾನೇನು ಹೇಳಲಿ, ನನ್ನ ತಲೆ!

ಗಾಬರಿಯಲ್ಲಿ ಆತ ಆಧಾರ್ ಕಾರ್ಡು ಬಿಟ್ಟು ತನ್ನ ಊರಿನ ಕಾಗದಗಳ ಚೀಲ ತಂದಿದ್ದ. ನರ್ಸಮ್ಮ ಅದನ್ನು ಮಂಚದ ಮೇಲೆ ಸುರಿದಳು. ಪತ್ರ, ಪಹಣಿ, ಬಸ್ಸಿನ ಟಿಕೀಟು, ಅದರೊಳಗೆ ಆತನದೇ ಮದುವೆ ಕಾಗದ! ಊರಿನ ಹೆಸರಿಗೆ ಕೆಂಪು ಗೆರೆ ಎಳೆದು ಜೋಪಾನ ಮಾಡಿದ್ದ. ಅದರ ಮೇಲಿನ ಸಾಲು ಆವತ್ತೇ ಓದಿದ್ದು.

"ಜವರಮ್ಮ," ಅಂದ. ಇನ್ನೊಂದು ಸಲ ಅಂದ.

ಅವಳು ಕಣ್ಣು ಬಿಟ್ಟಳು. "ಅವ್ವಾ, ಬಂದ್ಯಾ?"

ಅವಳ ಅವ್ವ ಸತ್ತು ಇಪ್ಪತ್ತು ವರ್ಷ. ಆಮೇಲೆ ಆ ಹೆಸರು ಹಿಡಿದು ಕರೆದವರೇ ಇಲ್ಲ.

ಮೈದ ಕಾಗದಗಳನ್ನು ಎತ್ತಿಡಲೇ ಇಲ್ಲ. ಅವಳ ಕಾಲ ಹತ್ತಿರ ಕೂತ.

ಮಾರನೆ ಬೆಳಿಗ್ಗೆ ನಾನು ರಾಗಿ ಗಂಜಿ ಕಾಸಿ, ಮೊದಲ ಬಸ್ಸು ಹತ್ತಿ, ಮಂಚದ ಪಕ್ಕ ನಿಂತು, "ಲೇ ಜವರಮ್ಮ, ಏಳು, ಗಂಜಿ ಆರೋಯ್ತದೆ," ಅಂದೆ.